ಕ್ರಿಸ್ಮಸ್ ಪಟ್ಟಿಗೆ ಒಲ್ಲೆ ಅಂದ ಅಂಗಡಿ ಹುಡುಗ್ಯಾರು

ಸ್ಪಗ್ ಅಂದ್ರ ಏನು ಅಂತ ನಿಮ್ಮೊಳಗ ಯಾರಿಗರೆ ಗೊತ್ತದ ಏನ್ರಿ? ಕೇಳಿದ್ರ ಯಾವುದೋ ಭಾಂಡಿ ತಿಕ್ಕೋ ಪುಡಿ ಹೆಸರಿನಂಗ ಅನಸ್ತದ. ಆದ್ರ 1912ನೇ ಇಸ್ವಿ ಡಿಸೆಂಬರ್ ತಿಂಗಳದಾಗ ನ್ಯೂಯಾರ್ಕಿನ ಪೇಪರಿನವರಿಗೆ ಈ ಶಬ್ದ ಅಂದ್ರ ಹಬ್ಬದೂಟ ಆಗಿತ್ತು. ಎಸ್, ಪಿ, ಯು, ಜಿ ಅನ್ನೋ ನಾಕು ಅಕ್ಷರ ಕೂಡಿಸಿ ಸ್ಪಗ್. ಬಿಡಿಸಿ ಹೇಳಿದ್ರ ‘ಸೊಸಾಯಿಟಿ ಫಾರ್ ದ ಪ್ರಿವೆನ್ಶನ್ ಆಫ್ ಯೂಸ್‌ಲೆಸ್ ಗಿವಿಂಗ್’. ನಮ್ಮ ಮಾತಿನಾಗ ಹೇಳೋದಾದ್ರ, ಉಪಯೋಗಿಲ್ಲದ್ದು ಕೊಡೋದನ್ನ ತಡಿಯೋ ಸಂಘ. ದನಾ, ಕುದರಿ ಹೊಡಿಯೋದನ್ನ ತಡಿಯೋ ಸಂಘ ಇರ್ತಾವಲ್ಲ, ಅಂಥಾ ಹೆಸರನ್ನ ಇದಕ್ಕೂ ಇಟ್ಟಿದ್ರು.

ಇದನ್ನ ಈಗ ಯಾಕ ಹೇಳ್ಲಿಕತ್ತೇನಿ ಅಂದ್ರ, ಪಂಚಮಿ ಮುಗೀತು ಅನ್ನೂದ್ರಾಗ ಗಣಪತಿ, ಅದರ ಬೆನ್ನಿಗೆ ದಸರಾ, ದೀಪಾವಳಿ, ಆಮ್ಯಾಲೆ ಲಗ್ನದ ಸೀಜನ್ನು. ಪ್ರತಿಯೊಂದಕ್ಕೂ ಕೊಡೂದು ತೊಗೊಳ್ಳೂದು ಇದ್ದದ್ದ. ನಮ್ಮ ತಿಜೋರ್ಯಾಗ ಇರೋ ಕುಬಸದ ಖಣಗೋಳ ಕಥಿ ನಿಮಗೇನು ಹೊಸದಲ್ಲ. ಹೊಲಸ್ಲಿಕ್ಕೆ ಬರಂಗಿಲ್ಲ, ಒಗೀಲಿಕ್ಕೆ ಮನಸ್ಸು ಬರಂಗಿಲ್ಲ, ಮುಂದಿನವರ ಉಡಿಯಾಗ ಹಾಕೂದೊಂದ ದಾರಿ. ಕೆಲವು ಖಣ ನಮಗಿಂತಾ ಜಾಸ್ತಿ ಊರು ನೋಡ್ಯಾವ. ಇನ್ನ ಅಮೇರಿಕಾದಾಗ ಇರೋ ನಮ್ಮ ಹುಡುಗ್ಯಾರು ಡಿಸೆಂಬರ್ ಬಂತಂದ್ರ ಸಾಕು ಫೋನಿನ್ಯಾಗ ಒಂದ ರಾಗ: ಆಫೀಸಿನ್ಯಾಗ ಇವರಿಗೆ ಗಿಫ್ಟು, ಸಾಲ್ಯಾಗ ಟೀಚರಿಗೆ ಗಿಫ್ಟು, ಬಾಜು ಮನಿಯವರಿಗೆ ಗಿಫ್ಟು. ಹಿಂಗಾಗಿ ಆ ಊರಿನ ಕಥಿನ ಹೇಳೋಣ ಅಂತ.

ಕ್ರಿಸ್ಮಸ್ ಅಂದ್ರ ಮೊದಲಿಂದಾನೂ ಗಿಫ್ಟಿನ ಹಬ್ಬ ಅಂತ ತಿಳ್ಕೊಂಡಿದ್ರ ಅದನ್ನ ಮೊದಲು ಬಿಡ್ರಿ. ಅಮೇರಿಕಾದ ಮ್ಯಾಸಚೂಸೆಟ್ಸ್ ಭಾಗಕ್ಕ ಇಂಗ್ಲಂಡಿನಿಂದ ಬಂದ ಪ್ಯೂರಿಟನ್ ಮಂದಿ ಆ ಹಬ್ಬಾನ ಬ್ಯಾಡ ಅಂದಿದ್ರು. 1659ರಾಗ ಕಾಯ್ದೆ ಮಾಡಿ, ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕಿದ್ರು. 1681ರ ತನಕ ಆ ಕಾಯ್ದೆ ಇತ್ತು. ಯಾಕಪಾ ಅಂಥಾ ಸಿಟ್ಟು ಅಂದ್ರ, ಒಂದು, ಬೈಬಲ್ಲಿನಾಗ ಹಬ್ಬದ ತಾರೀಖಿಲ್ಲ. ಇನ್ನೊಂದು, ಆಗಿನ ಕ್ರಿಸ್ಮಸ್ ಅಂದ್ರ ಕುಡಿಯೂದು, ಕುಣಿಯೂದು, ಗದ್ಲಾ. ಸುಗ್ಗಿ ಮುಗದಿರ್ತಿತ್ತು, ದನಾ ಕೊಯ್ದಿರ್ತಿದ್ರು, ಹೊಸಾ ಬೀರ್ ತಯಾರ್ ಇರ್ತಿತ್ತು. ದುಡಿಯೋ ಮಂದಿ ಗುಂಪು ಕಟಗೊಂಡು ಸಾವಕಾರ್ರ ಬಾಗಿಲಿಗೆ ಹೋಗಿ, ಹಾಡಾ ಹಾಡಿ, ತಿನ್ಲಿಕ್ಕೆ ಕುಡೀಲಿಕ್ಕೆ ಕೊಡು ಅಂತ ಕೂತು ಬಿಡ್ತಿದ್ರು. ಕೊಡದಿದ್ರ ಬೈಗುಳ. ಹೋಳಿ ಹುಣ್ಣಿವಿಗೆ ನಮ್ಮ ಓಣಿ ಹುಡುಗ್ರು ಕಟಗಿ ಬೇಡ್ಲಿಕ್ಕೆ ಬಂದು, ಕೊಡದವರ ಮನಿ ಮುಂದ ಬಾಯಿ ಬಡಕೋತಾವಲ್ಲ, ಥೇಟ್ ಹಂಗ.

ಇದರಾಗ ಒಂದು ಮಾತು ಲಕ್ಷದಾಗ ಇಟಗೋರಿ. ಆವಾಗ ಕೊಡೂದು ಮ್ಯಾಲಿಂದ ಕೆಳಗ ಇತ್ತು. ಇದ್ದವರು ಇಲ್ಲದವರಿಗೆ, ಮಾಲಕ ಆಳಿಗೆ. ವರ್ಷಕ್ಕೊಂದು ದಿನಾ ಆದ್ರೂ ದುಡಿಯವರು ಹಕ್ಕಿನಿಂದ ಕೇಳ್ತಿದ್ರು. ಇಂಗ್ಲಂಡಿನಾಗ ಕ್ರಿಸ್ಮಸ್ ಮರುದಿನಾ ಮನಿ ಆಳುಗಳಿಗೆ, ಅಂಚಿಯವರಿಗೆ ಡಬ್ಬಿ ಕೊಡೋ ಪದ್ಧತಿ ಇತ್ತು. ಅದಕ್ಕ ಆ ದಿನಕ್ಕ ಬಾಕ್ಸಿಂಗ್ ಡೇ ಅನ್ನೋ ಹೆಸರು.

1820ರ ಸುಮಾರಿಗೆ ನ್ಯೂಯಾರ್ಕಿನ ಅನುಕೂಲಸ್ಥ ಮಂದಿಗೆ ಈ ಗದ್ಲದ ಹಬ್ಬ ಬ್ಯಾಸರಾತು. ಊರು ದೊಡ್ಡದಾಗಿತ್ತು, ಬಾಗಿಲಿಗೆ ಬರೋ ಮಂದಿ ಗುರ್ತಿನವರಾಗಿ ಉಳದಿದ್ದಿಲ್ಲ. ಹಿಂಗಾಗಿ ಅವರು ಹಬ್ಬಾನ ಬೀದಿಯಿಂದ ಎಬ್ಬಿಸಿ ಮನಿ ಒಳಗ ತಂದು ಕೂಡಿಸಿದ್ರು. ಡಚ್ ಮಂದಿಯ ಸಂತ ನಿಕೊಲಾಸ ಬಂದಾ. 1823ರಾಗ ಟ್ರಾಯ್ ಅನ್ನೋ ಊರಿನ ಪೇಪರಿನ್ಯಾಗ ಅವನ ಮ್ಯಾಲೆ ಒಂದು ಪದ್ಯ ಅಚ್ಚಾಗಿ ಮನೀ ಮನೀಗೆ ಮುಟ್ಟಿತು. ಜಾರುಬಂಡಿ, ಹಿಮಸಾರಂಗ, ಹೊಗಿ ಕೊಳವಿಯೊಳಗಿಂದ ಇಳಿಯೂದು, ಅವೆಲ್ಲಾ ಅಲ್ಲಿಂದ ಎಲ್ಲಾರಿಗೂ ಬಾಯಿಪಾಠ. ಈಗ ಕೊಡಿಸಿಕೊಳ್ಳವರು ಬಾಗಿಲದಾಗ ನಿಂತ ಬಡವರಲ್ಲ, ಮನಿಯೊಳಗಿನ ಸ್ವಂತ ಮಕ್ಕಳು. ಕೊಟ್ಟಂಗೂ ಆತು, ರೊಕ್ಕ ಮನಿಯೊಳಗ ಉಳದಂಗೂ ಆತು!

ಮಕ್ಕಳಿಗೆ ಅಂದ ಮ್ಯಾಲೆ ಅಂಗಡಿಯವರು ಸುಮ್ಮನ ಕೂಡ್ತಾರೇನು? ಮೂವತ್ತು ವರ್ಷ ಹೋಗೂದ್ರಾಗ ಬ್ಯಾಸರ ಬರೋವಷ್ಟು ಆತು. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರದ ಹ್ಯಾರಿಯೆಟ್ ಬೀಚರ್ ಸ್ಟೋ ಅನ್ನೋ ಲೇಖಕಿ 1850ರಾಗ ಒಂದು ಕ್ರಿಸ್ಮಸ್ ಕಥಿ ಬರದಾಳ. ಅದರಾಗ ಒಬ್ಬಾಕಿ ಹುಡುಗಿ, ಎಲ್ಲಾರ ಮನ್ಯಾಗೂ ಎಲ್ಲಾನೂ ಅದ, ಇನ್ನ ಯಾರಿಗೆ ಏನಂತ ಕೊಡ್ಲಿ ಅಂತ ತಲಿ ಕೆಡಿಸಿಕೊಂಡು ಕೂತಿರ್ತಾಳ. ಯಾವ ಇಸ್ವಿ ನೋಡ್ರಿ, 1850! ನಾವು ಇದನ್ನ ಆನ್‌ಲೈನ್ ಖರೀದಿ ಬಂದ ಮ್ಯಾಲಿನ ರೋಗ ಅಂತ ತಿಳ್ಕೊಂಡೇವಿ. ಆ ಕಥಿಯೊಳಗ ಆ ಹುಡುಗಿಗೆ ಆಕಿ ಅತ್ಯಾ, ಇದ್ದವರಿಗೆ ಮತ್ತ ಕೊಡೂದು ಬಿಟ್ಟು ಓಣ್ಯಾಗಿನ ಇಲ್ಲದವರ ಮನಿ ಕಡೆ ನೋಡು ಅಂತ ದಾರಿ ತೋರಸ್ತಾಳ.

ಮುಂದಿನ ಐವತ್ತು ವರ್ಷ ಜಗ್ಗಿ ಹೇಳೋದಿಲ್ಲ. 1870ರಾಗ ಕ್ರಿಸ್ಮಸ್ಸಿಗೆ ಸರಕಾರಿ ಸೂಟಿ ಆತು. 1874ರಾಗ ಮೇಸಿ ಅನ್ನೋ ದೊಡ್ಡ ಅಂಗಡಿಯವರು ಕಾಜಿನ ಕಿಡಕಿಯೊಳಗ ಗೊಂಬಿ ಕೂಡಿಸಿ ತೋರಸ್ಲಿಕ್ಕೆ ಸುರು ಮಾಡಿದ್ರು, ಮಂದಿ ಗುಂಪುಗೂಡಿ ನೋಡಿದ್ರು. 1880ರಾಗ ವುಲ್‌ವರ್ಥ್ ಅನ್ನಾವ ಜರ್ಮನಿಯಿಂದ ಬಂದ ಕಾಜಿನ ಗುಂಡು, ಗಿಡಕ್ಕ ಹಾಕೋ ಅಲಂಕಾರ, ಬ್ಯಾಡ ಬ್ಯಾಡ ಅಂತನ ಸ್ವಲ್ಪ ತೊಗೊಂಡನಂತ. ಎರಡು ದಿನದಾಗ ಖಾಲಿ. ಮುಂದ ಅದ ಅವನ ದೊಡ್ಡ ಧಂದೆ ಆತು.

ಈಗ ನಾವು ಗಲ್ಲಾದ ಆ ಕಡೆ ಹೋಗೋಣ. ನನಗ ಖರೇ ಅಂದ್ರ ಈ ಇತಿಹಾಸದಾಗ ಬೇಕಾದದ್ದು ಅಲ್ಲಿ ಕಥಿ.

1900ರ ಹೊತ್ತಿಗೆ ಆ ದೊಡ್ಡ ಅಂಗಡಿಗಳೊಳಗ ನಿಂತು ಸಾಮಾನ ತೋರಿಸೋವರೊಳಗ ಜಗ್ಗಿ ಮಂದಿ ಹುಡುಗ್ಯಾರು. ಹದಿನಾರು, ಹದಿನೆಂಟು, ಇಪ್ಪತ್ತು ವರ್ಷದವರು. ಪಗಾರ ವಾರಕ್ಕ ಆರೆಂಟು ಡಾಲರ್. ಅದರಾಗ ಖೋಲಿ ಬಾಡಗಿ, ಊಟ, ಮ್ಯಾಲೆ ಅಂಗಡ್ಯಾಗ ನಿಂದ್ರಲಿಕ್ಕೆ ಛಂದನ ಕರೇ ಅಂಗಿ. ಅವರಕಿಂತಾ ಸಣ್ಣ ಹುಡುಗ್ಯಾರಿಗೆ ‘ಕ್ಯಾಶ್ ಗರ್ಲ್’ ಅಂತಿದ್ರು. ಗಿರಾಕಿ ಕೊಟ್ಟ ರೊಕ್ಕಾ ಗಲ್ಲಾಕ್ಕ ಒಯ್ದು, ಚಿಲ್ಲರ ಹಿಡಕೊಂಡು ಓಡಿ ಬರೋದು ಅವರ ಕೆಲಸ. ಪಗಾರ ಭಾಳ ಕಡಿಮಿ, ಓಡಾಟ ಭಾಳ ಜಾಸ್ತಿ.

ಡಿಸೆಂಬರ್ ಬಂತಂದ್ರ ಇವರಿಗೆ ಹಬ್ಬಲ್ಲ, ಶಿಕ್ಷಾ. ರಾತ್ರಿ ಹತ್ತು ಹನ್ನೊಂದರ ತನಕ ಅಂಗಡಿ ತಗದಿರ್ತಿತ್ತು. ನ್ಯೂಯಾರ್ಕದಾಗ 1896ರಾಗ ಒಂದು ಕಾಯ್ದೆ ಆಗಿತ್ತು, ಇಪ್ಪತ್ತೊಂದು ವರ್ಷದ ಒಳಗಿನ ಹುಡುಗ್ಯಾರನ್ನ ದಿನಕ್ಕ ಹತ್ತು ತಾಸಿಗಿಂತಾ, ವಾರಕ್ಕ ಅರವತ್ತು ತಾಸಿಗಿಂತಾ ಜಾಸ್ತಿ ದುಡಸಬಾರದು ಅಂತ. ಓದಿ ಖುಷಿ ಪಡಬ್ಯಾಡ್ರಿ. ಡಿಸೆಂಬರ್ ನಡುವಿನಿಂದ ಹೊಸಾ ವರ್ಷದ ತನಕ ಆ ಕಾಯ್ದೆಗೇನ ಸೂಟಿ ಕೊಟ್ಟಿದ್ರು! ಅಂದ್ರ ಹುಡುಗ್ಯಾರಿಗೆ ಕಾಯ್ದೆ ಯಾವಾಗ ಖರೇನ ಬೇಕಾಗಿತ್ತೋ ಆವಾಗ ಅದು ಇಲ್ಲ. ಕುಂದರಲಿಕ್ಕೆ ಸ್ಟೂಲು ಇದ್ರೂ ಕೂತ್ರ ಮುಕಾದಮನ ಕಣ್ಣು. ಗಿರಾಕಿ ಮನಿಗೆ ಡಬ್ಬಿ ಮುಟ್ಟಸೋ ಸಣ್ಣ ಹುಡುಗ್ರು ಹಿಮದಾಗ ಮಧ್ಯರಾತ್ರಿ ತಿರಗತಿದ್ದು.

ಈ ಬಗ್ಗೆ ಮೊದಲು ಗಟ್ಯಾಗಿ ಮಾತಾಡಿದವರು ಇಬ್ಬರು ಹೆಣ್ಮಕ್ಕಳು. ಒಬ್ಬಾಕಿ ಜೋಸೆಫಿನ್ ಶಾ ಲೊವೆಲ್. ಒಳಯುದ್ಧದಾಗ ಗಂಡನ್ನ ಕಳಕೊಂಡಾಕಿ. 1891ರಾಗ ನ್ಯೂಯಾರ್ಕ್ ಕನ್ಸ್ಯೂಮರ್ಸ್ ಲೀಗ್ ಅಂತ, ಗಿರಾಕಿ ಹೆಣ್ಮಕ್ಕಳ ಒಂದು ಕೂಟ ಮಾಡಿದ್ಲು. ಯಾವ ಅಂಗಡಿಯವರು ಹುಡುಗ್ಯಾರಿಗೆ ನ್ಯಾಯವಾಗಿ ಪಗಾರ ಕೊಡ್ತಾರ, ತಾಸಿನ ಲೆಕ್ಕಾ ಇಡ್ತಾರ, ಅವರ ಹೆಸರಿನ ಒಂದು ‘ಬಿಳಿ ಪಟ್ಟಿ’ ಮಾಡಿ, ಅಲ್ಲೇ ಖರೀದಿ ಮಾಡ್ರಿ ಅಂತ ಹೇಳೂದು ಅವರ ಉಪಾಯ. ಸುರುವಾತಿಗೆ ಆ ಪಟ್ಟ್ಯಾಗ ಬೆರಳೆಣಿಕಿ ಅಂಗಡಿ. ಇನ್ನೊಬ್ಬಾಕಿ ಫ್ಲಾರೆನ್ಸ್ ಕೆಲಿ. 1899ರಾಗ ಈ ಲೀಗ್ ಇಡೀ ದೇಶದ್ದಾದ ಮ್ಯಾಲೆ ಅದನ್ನ ಮೂವತ್ತು ವರ್ಷದ ಮ್ಯಾಲೆ ನಡಸಿದಾಕಿ. 1903ರಾಗ ಆಕಿ ಬರದ ಲೇಖನದ ಹೆಸರ ಕ್ರಿಸ್ಮಸ್ಸಿನ ಅಣಕ ಅಂತ ಆಗ್ತದ. ಪ್ರೀತಿ ಹಬ್ಬ ಅಂತ ಹೇಳಿ, ಅದರ ಸಲುವಾಗಿ ಸಣ್ಣ ಮಕ್ಕಳನ್ನ ಮಧ್ಯರಾತ್ರಿ ತನಕ ದುಡಸ್ತೀರೆಲ್ಲಾ ಅನ್ನೂದು ಆಕಿ ಸಿಟ್ಟು.

ಇವರು ಗಿರಾಕಿಗಳಿಗೆ ಕೇಳಿದ್ದು ಒಂದ ಮಾತು: ಖರೀದಿ ಲಗೂನ ಮುಗಸ್ರಿ, ಕೊನೀ ವಾರದ ತನಕ ಕಾಯಬ್ಯಾಡ್ರಿ. ಹುಡುಗ್ಯಾರ ಕಾಲಿಗೆ ಸ್ವಲ್ಪ ಆರಾಮ ಸಿಗಲಿ ಅಂತ. ಮಾತು ಛಲೋನ ಇತ್ತು. ಆದ್ರ ಅಂಗಡಿಯವರು ಎಂಥಾ ಶಾಣ್ಯಾರು ನೋಡ್ರಿ! ಲಗೂನ ಖರೀದಿ ಮಾಡ್ರಿ ಅನ್ನೂದನ್ನ ತಮ್ಮ ಜಾಹೀರಾತಿನಾಗ ಹಾಕ್ಕೊಂಡ್ರು. ಡಿಸೆಂಬರ್ ಕೊನೀ ವಾರದ ಹಬ್ಬ ನವೆಂಬರಕ್ಕ ಸರೀತು. ಕರುಣಾದಿಂದ ಹುಟ್ಟಿದ ಮಾತು ಸೀಜನ್ ಉದ್ದ ಮಾಡ್ಲಿಕ್ಕೆ ಉಪಯೋಗಾತು.

ಇನ್ನ ಸ್ಪಗ್ ಕಡೆ ಬರತೇನಿ. ಆ ಅಂಗಡಿಗಳೊಳಗ, ಆಫೀಸಿನೊಳಗ ಒಂದು ಪದ್ಧತಿ ಬೆಳದಿತ್ತು. ಕ್ರಿಸ್ಮಸ್ ಮುಂದ ಒಬ್ಬರು ಪಟ್ಟಿ ಹಿಡಕೊಂಡು ಬರೋರು. ನಮ್ಮ ಮುಕಾದಮರಿಗೆ, ಸಾಮಾನ ತರಸೋ ಬಾಯರ್ ಸಾಹೇಬರಿಗೆ, ವಿಭಾಗದ ಮುಖ್ಯಸ್ಥರಿಗೆ ಎಲ್ಲಾರೂ ಕೂಡಿ ಒಂದು ಕಾಣಿಕಿ ಕೊಡಬೇಕು, ನಿನ್ನ ಪಾಲು ಇಷ್ಟು ಅಂತ. ನಾ ಕೊಡಂಗಿಲ್ಲ ಅನ್ಲಿಕ್ಕೆ ಯಾರಿಗೆ ಧೈರ್ಯ? ಸೂಟಿ ಕೊಡಾವ ಅವ, ಛಲೋ ಜಾಗಾಕ್ಕ ನಿಲ್ಲಸಾವ ಅವ, ಕೆಲಸದಿಂದ ತಗಿಯಾವ ಅವ. ಹುಡುಗ್ಯಾರು ಹಲ್ಲು ಕಚಗೊಂಡು ಕೊಡ್ತಿದ್ರು. ಕೆಲವು ಕಡೆ ಒಬ್ಬೊಬ್ಬಾಕಿದು ಎರಡು ವಾರದ ಪಗಾರ ಇದರಾಗ ಹೋಗ್ತಿತ್ತಂತ. ಮ್ಯಾಲೆ ಜೋಡಿ ಕೆಲಸಾ ಮಾಡೋವರ ನಡಕ ಕೊಡೋ ತೊಗೊಳ್ಳೋ ಸಣ್ಣ ಪುಟ್ಟ ಸಾಮಾನು: ಟಾಚಣಿ ಇಡೋ ತಟ್ಟಿ, ಸೆಲ್ಯುಲಾಯ್ಡಿನ ಡಬ್ಬಿ, ಲೆಕ್ಕಣಿಕಿ ಮಸಿ ವರಸೋ ಅರಿವಿ. ಯಾರಿಗೂ ಬ್ಯಾಡಾದವು. ನಮ್ಮ ಖಣದ ಅಕ್ಕ-ತಂಗ್ಯಾರು ಅನ್ನರಿ.

ಹಳೇ ಕ್ರಿಸ್ಮಸ್ಸಿನಾಗ ಕೊಡೂದು ಮ್ಯಾಲಿಂದ ಕೆಳಗ ಇತ್ತು ಅಂದೆನಲ್ಲ, ಇಲ್ಲೆ ಅದು ಪೂರಾ ತಿರುವು ಮುರುವು. ಆರು ಡಾಲರಿನಾಕಿ ಮೂವತ್ತು ಡಾಲರಿನವಗ ಕೊಡಬೇಕು. ಇದಕ್ಕ ಕಾಣಿಕಿ ಅನ್ನೂದಕ್ಕಿಂತಾ ಕಪ್ಪ ಅಂದ್ರ ಸರಿ.

ಅದ ವೇಳ್ಯಾದಾಗ ನ್ಯೂಯಾರ್ಕದಾಗ ದುಡಿಯೋ ಹುಡುಗ್ಯಾರ ಸಲುವಾಗಿ ಒಂದು ‘ವೆಕೇಶನ್ ಸೇವಿಂಗ್ಸ್ ಫಂಡ್’ ನಡೀತಿತ್ತು. ನಮ್ಮ ಭಿಶಿ ಇದ್ದಂಗ ಅನ್ಕೋರಿ, ಆದ್ರ ಚೀಟಿ ಎತ್ತೋದಿಲ್ಲ. ವಾರಾ ವಾರಾ ನಾಕಾಣೆ ಎಂಟಾಣೆ ಲೆಕ್ಕದಾಗ ಕಟ್ಟಿ, ಬ್ಯಾಸಗಿಯೊಳಗ ಒಂದೆರಡು ವಾರ ಸಮುದ್ರದ ದಂಡಿಗೋ, ಹಳ್ಳಿಗೋ ಹೋಗಿ ಆರಾಮ ತೊಗೊಂಡು ಬರಲಿಕ್ಕೆ. ಸೂಟಿಯೊಳಗ ಪಗಾರ ಸಿಗದಿರೋ ಕಾಲದಾಗ ಇದು ಸಣ್ಣ ಮಾತಲ್ಲ. ಈ ಫಂಡ್ ನೋಡಿಕೊಳ್ಳೋರ ಲಕ್ಷಕ್ಕ ಬಂದದ್ದು ಏನು ಅಂದ್ರ, ಪಾಪ ಹುಡುಗ್ಯಾರು ಕಷ್ಟಪಟ್ಟು ಕೂಡಿಸಿದ ರೊಕ್ಕಕ್ಕ ಕ್ರಿಸ್ಮಸ್ ಬಂದ್ರ ತೂತು ಬೀಳತಿತ್ತು. ಸ್ವಂತ ಆರಾಮಕ್ಕ ಇಟ್ಟ ರೊಕ್ಕ ಮುಕಾದಮನ ಕಾಣಿಕಿಗೆ.

ಆ ಫಂಡಿನ ಹಿಂದ ಇದ್ದಾಕಿ ಆ್ಯನ್ ಮಾರ್ಗನ್. ಹೆಸರು ಕೇಳಿದ್ರ ಗೊತ್ತಾಗಿರಬೇಕು, ಬ್ಯಾಂಕಿನ ದೊರಿ ಜೆ.ಪಿ. ಮಾರ್ಗನ್ನನ ಮಗಳು. ಲಗ್ನ ಆಗಲಿಲ್ಲ. ಅಪ್ಪನ ರೊಕ್ಕ ಇತ್ತು, ತಲಿ ಆಕಿದ ಇತ್ತು. 1909ರಾಗ ಬ್ಲೌಸ್ ಹೊಲಿಯೋ ಕಾರಖಾನಿ ಹುಡುಗ್ಯಾರು ಸಾವಿರಗಟ್ಟಲೆ ಸಂಪು ಹೂಡಿದಾಗ ಅವರ ಬೆನ್ನಿಗೆ ನಿಂತಾಕಿ. 1911ರ ಮಾರ್ಚ್ 25ಕ್ಕ ಅಂಥಾದೊಂದು ಕಾರಖಾನಿಗೆ, ಟ್ರಯಾಂಗಲ್ ಅಂತ ಅದರ ಹೆಸರು, ಬೆಂಕಿ ಬಿದ್ದು 146 ಮಂದಿ ಸತ್ರು. ಜಾಸ್ತಿ ಎಲ್ಲಾ ಎಳೇ ಹುಡುಗ್ಯಾರು. ಬಾಗಿಲಕ್ಕ ಕೀಲಿ ಹಾಕಿದ್ರು. ಅದಾದ ಮ್ಯಾಲೆ ನ್ಯೂಯಾರ್ಕದಾಗ ದುಡಿಯೋ ಹುಡುಗ್ಯಾರ ಮಾತಿಗೆ ಸ್ವಲ್ಪ ಕಿವಿ ಕೊಡ್ಲಿಕ್ಕೆ ಸುರು ಆಗಿತ್ತು. ಆ್ಯನ್ ಜೋಡಿ ಇದ್ದಾಕಿ ಎಲೀನರ್ ಬೆಲ್ಮಾಂಟ್. ಇಂಗ್ಲಂಡಿನಾಗ ಹುಟ್ಟಿ, ಅಮೇರಿಕಾದ ರಂಗಭೂಮಿಯೊಳಗ ಹೆಸರು ಮಾಡಿ, 1910ರಾಗ ನ್ಯೂಯಾರ್ಕಿನ ಭುಯಾರಿ ರೈಲಿಗೆ ಬಂಡವಾಳ ಹಾಕಿದ ಆಗಸ್ಟ್ ಬೆಲ್ಮಾಂಟ್‌ನ ಲಗ್ನ ಆಗಿ ನಾಟಕ ಬಿಟ್ಟಾಕಿ. ಬರ್ನಾರ್ಡ್ ಶಾ ತನ್ನ ‘ಮೇಜರ್ ಬಾರ್ಬರಾ’ ನಾಟಕಾನ ಈಕಿನ್ನ ಮನಸ್ಸಿನ್ಯಾಗ ಇಟಗೊಂಡ ಬರದಿದ್ದ.

1912ರ ನವೆಂಬರದಾಗ ಇವರಿಬ್ಬರೂ ಆ ಫಂಡಿನ ಹುಡುಗ್ಯಾರ ಜೋಡಿ ಕೂಡಿ ಸ್ಪಗ್ ಸುರು ಮಾಡಿದ್ರು. ಅದರ ಮಾತು ಇಷ್ಟ: ಮನಸ್ಸಿಲ್ಲದ ಕೊಡಂಗಿಲ್ಲ, ಪಟ್ಟಿಗೆ ಸಹಿ ಹಾಕಂಗಿಲ್ಲ, ಯಾರಿಗೂ ಉಪಯೋಗಿಲ್ಲದ್ದನ್ನ ಸುಮ್ಮನ ವ್ಯವಹಾರಕ್ಕ ಕೊಡಂಗಿಲ್ಲ. ಕೊಡೂದ ಬ್ಯಾಡ ಅಂತ ಅವರು ಯಾವತ್ತೂ ಅನ್ನಲಿಲ್ಲ. ಪ್ರೀತಿಯಿಂದ ಕೊಡ್ರಿ, ಹೆದರಿ ಕೊಡಬ್ಯಾಡ್ರಿ ಅನ್ನೋದು. ಕೆಲವೇ ವಾರದಾಗ ಸದಸ್ಯರು ಸಾವಿರ ದಾಟಿದ್ರು. ಬ್ಯಾರೆ ಊರಿನಾಗೂ ಹಬ್ಬಿತು.

ಗಂಡಸರೊಳಗ ಮೊದಲು ಸೇರಿದಾವ ಯಾರು ಹೇಳ್ರಿ? ಥಿಯೋಡರ್ ರೂಸ್‌ವೆಲ್ಟ್. ಮಾಜಿ ಅಧ್ಯಕ್ಷ. ಆ ವರ್ಷ ಅಕ್ಟೋಬರದಾಗ ಎದಿಗೆ ಗುಂಡು ತಿಂದಿದ್ದಾ, ನವೆಂಬರದಾಗ ಇಲೆಕ್ಷನ್ ಸೋತಿದ್ದಾ, ಡಿಸೆಂಬರದಾಗ ಬಂದು ಸ್ಪಗ್ ಸೇರಿದಾ. ಪೇಪರಿನವರಿಗೆ ಇನ್ನೇನು ಬೇಕು? ಇನ್ನೊಂದು ಮೋಜು ಅಂದ್ರ, ಅದ ಡಿಸೆಂಬರದಾಗ ಆ್ಯನ್ ಮಾರ್ಗನ್ನಳ ಅಪ್ಪ ವಾಷಿಂಗ್ಟನ್ನಿನ್ಯಾಗ ಸಂಸತ್ತಿನ ಸಮಿತಿ ಮುಂದ ಕೂತು, ಇಡೀ ದೇಶದ ರೊಕ್ಕ ನಿಮ್ಮ ನಾಕು ಮಂದಿ ಕೈಯಾಗ ಹೆಂಗ ಬಂತು ಅನ್ನೂದಕ್ಕ ಜವಾಬು ಕೊಡ್ಲಿಕತ್ತಿದ್ದಾ. ಆ ಕಡೆ ಅಪ್ಪ, ಈ ಕಡೆ ಮಗಳು!

ಟೀಕಾ ಬರಲಿಲ್ಲಂತ ಅಲ್ಲ. ಹಬ್ಬದ ಮಜಾ ಹಾಳು ಮಾಡ್ಲಿಕ್ಕೆ ಹುಟ್ಟಿದವರು ಅಂದ್ರು. ಕೋಟ್ಯಾಧೀಶನ ಮಗಳು ಬಡ ಹುಡುಗ್ಯಾರಿಗೆ ಖರ್ಚು ಕಡಿಮಿ ಮಾಡ್ರಿ ಅಂತ ಹೇಳೂದು ಎಷ್ಟು ಸರಿ ಅಂದ್ರು. ಈ ಎರಡನೇ ಮಾತು ನನಗೂ ಮೊದಲು ಖರೇ ಅನಸ್ತು. ಪಗಾರ ಹೆಚ್ಚು ಮಾಡ್ರಿ ಅಂತ ಅಂಗಡಿ ಮಾಲಕರಿಗೆ ಹೇಳೂದು ಬಿಟ್ಟು ಹುಡುಗ್ಯಾರಿಗೆ ಕಾಟಕಸರು ಕಲಸೋದು ಅಂದ್ರ ಸುಲಭದ ದಾರಿ ಅಲ್ಲೇನು? ಆದ್ರ ವಿಚಾರ ಮಾಡಿದಂಗ ಇನ್ನೊಂದು ತಿಳೀತು. ಹುಡುಗ್ಯಾರಿಗೆ ಈ ಕಾಣಿಕಿ ಬ್ಯಾಡ ಅನ್ನೂದು ಗೊತ್ತ ಇತ್ತು, ಅದನ್ನ ಯಾರೂ ಕಲಸಬೇಕಾಗಿದ್ದಿಲ್ಲ. ಬೇಕಾಗಿದ್ದು ಒಬ್ಬಾಕಿ ಒಲ್ಲೆ ಅಂದಾಗ ಬಾಜೂಕ ನಿಂತಾಕಿನೂ ಒಲ್ಲೆ ಅನ್ನೋ ಭರೋಸಾ. ಒಬ್ಬಾಕಿನ ಒಲ್ಲೆ ಅಂದ್ರ ಆಕಿ ಜಿಪುಣಿ, ಸೊಕ್ಕಿನಾಕಿ. ನೂರು ಮಂದಿ ಅಂದ್ರ ಅದೊಂದು ಸಂಘ. ಮ್ಯಾಲೆ, ನಾ ಸ್ಪಗ್ ಇದ್ದೇನ್ರಿ ಅಂದ್ರ ಮುಕಾದಮನೂ ಏನೂ ಅನ್ಲಿಕ್ಕೆ ಬರತಿದ್ದಿಲ್ಲ. ಯಾಕಂದ್ರ ಅವನ ಮಾಲಕರ ಹೇಣ್ತೀನೂ ಮಾರ್ಗನ್ ಮಗಳ ಮುಂದ ನಗಬೇಕಲ್ಲ! ಆ ಸಿರಿವಂತ ಹೆಸರಿನ ಉಪಯೋಗ ಆದದ್ದು ಇಲ್ಲೆ.

ನಮ್ಮೊಳಗೂ ಹಂಗ ಅಲ್ಲೇನು? ಲಗ್ನದಾಗ ಆಹೇರ ಬ್ಯಾಡ ಅಂತ ಪ್ರತಿಯೊಬ್ಬರೂ ಒಳಗೊಳಗ ಅಂತಾರ. ಮೊದಲು ಬಿಡೋರು ಯಾರು? ಅವರು ನಮಗ ಅಷ್ಟು ಮಾಡ್ಯಾರ, ನಾವು ಮಾಡದಿದ್ರ ಏನಂದಾರು. ಅವರೂ ತಮ್ಮ ಮನ್ಯಾಗ ಕೂತು ಇದನ್ನ ಅಂತಿರ್ತಾರ. ಆದ್ರ ಒಂದು ವಿಷಯದಾಗ ನನ್ನ ಲೆಕ್ಕ ಬ್ಯಾರೆ ಅದ. ಹಬ್ಬ ಸರಳ ಮಾಡ್ತೇವಿ ಅಂತ ಹೇಳಿ ದೀಪಾವಳಿಗೆ ಭಾಂಡಿ ತಿಕ್ಕೋ ಆಕಿಗೆ ಕೊಡೋ ಸೀರಿ, ಕಸದ ಗಾಡಿಯವರಿಗೆ ಕೊಡೋ ರೊಕ್ಕಾ ಕಡಿಮಿ ಮಾಡ್ತಾರಲ್ಲ ಕೆಲವರು, ಅದು ಸ್ಪಗ್ ಅಲ್ಲ. ಅದು ಮ್ಯಾಲಿಂದ ಕೆಳಗ ಬರೋದು, ಅರ್ಧಾ ಅವರ ಪಗಾರದ ಬಾಕಿನ.

ಅದ 1912ರ ಕ್ರಿಸ್ಮಸ್ ಮುಂದಿನ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಅನ್ನೋ ಬಾಗಿನಾಗ, ಎಲ್ಲಾರಿಗೂ ಸೇರಿ ಒಂದ ದೊಡ್ಡ ಗಿಡಾ ನಿಲ್ಲಿಸಿ ಕರೆಂಟಿನ ದೀಪಾ ಹಚ್ಚಿದ್ರು. ಮನ್ಯಾಗ ಗಿಡಾ ತರಲಿಕ್ಕೆ ಆಗದವರೂ ಬಂದು ನೋಡ್ಲಿ, ಹಾಡ್ಲಿ ಅಂತ. ಎಮಿಲಿ ಹೆರೆಶಾಫ್ ಅನ್ನೋ ಹೆಣ್ಮಗಳದು ಆ ವಿಚಾರ. ಇವತ್ತು ಜಗತ್ತಿನ ಚೌಕಗಳೊಳಗ ನಿಲ್ಲಸೋ ಊರಿನ ಗಿಡದ ಪದ್ಧತಿಗೆ ಅದ ಒಂದು ಸುರುವಾತು. ಖರ್ಚಿಲ್ಲದ ಹಬ್ಬ ಹೆಂಗಿರ್ತದ ಅನ್ನೂದಕ್ಕ ನನಗ ಸ್ಪಗ್‌ಗಿಂತಾ ಇದು ಹೆಚ್ಚು ಮನಸ್ಸಿಗೆ ಬಂತು.

ಇನ್ನ ವ್ಯಾಪಾರದವರು ಏನು ಮಾಡಿದ್ರು? ಸ್ಪಗ್ ಜೋಡಿ ಜಗಳಾ ಆಡಲಿಲ್ಲ. ಉಪಯೋಗಿಲ್ಲದ್ದು ಬ್ಯಾಡ ಅಂತೀರಿ ಹೌದಿಲ್ಲೋ, ಹಂಗಾರ ಉಪಯೋಗದ್ದು ತೊಗೊಳ್ರಿ! ಸೆಲ್ಯುಲಾಯ್ಡ್ ಡಬ್ಬಿ ಹೋಗಿ ಕೈಚೀಲ, ಕಾಲಚೀಲ, ಇಸ್ತ್ರಿ ಪೆಟ್ಟಿಗಿ ಬಂದ್ವು. ನಾಕಾಣೆ ಸಾಮಾನಿನ ಜಾಗಾದಾಗ ನಾಕು ರೂಪಾಯಿದ್ದು ಅಂದಂಗ. ಬ್ಯಾಂಕಿನವರೂ ಹಿಂದ ಬೀಳಲಿಲ್ಲ. 1909ರಾಗನ ಪೆನ್ಸಿಲ್ವೇನಿಯಾದ ಕಾರ್ಲೈಲ್ ಅನ್ನೋ ಸಣ್ಣ ಊರಿನ ಬ್ಯಾಂಕಿನಾಗ ‘ಕ್ರಿಸ್ಮಸ್ ಕ್ಲಬ್’ ಸುರು ಆಗಿತ್ತು. ವರ್ಷಾನುಗಟ್ಟಲೆ ವಾರಾ ವಾರಾ ಕಟ್ಟೂದು, ಡಿಸೆಂಬರ್ ಒಂದಕ್ಕ ಇಡಿಗಂಟು ತೊಗೊಂಡು ಸೀದಾ ಅಂಗಡಿಗೆ ಹೋಗೂದು. ಅದ ವಾರದ ಪುಡಿಗಾಸು. ವೆಕೇಶನ್ ಫಂಡಿನಾಗ ಹಾಕಿದ್ರ ಬ್ಯಾಸಗಿಯೊಳಗ ಸ್ವಂತ ಆರಾಮ, ಇಲ್ಲೆ ಹಾಕಿದ್ರ ಚಳಿಗಾಲದಾಗ ಇನ್ನೊಬ್ಬರ ಕಾಣಿಕಿ. ಮುಂದ ದೇಶ ತುಂಬ ಹಬ್ಬಿದ್ದು ಯಾವುದು ಅಂತ ಹೇಳಬೇಕಾಗಿಲ್ಲ.

ಡಬ್ಬಿ ಸುತ್ತೋ ಕಾಗದದ ಕಥಿನೂ ಹೇಳಿಬಿಡ್ತೇನಿ, ಯಾಕಂದ್ರ ಅದೂ ಈ ವರ್ಷಗಳದ. 1917ರ ಡಿಸೆಂಬರದಾಗ ಕಾನ್ಸಾಸ್ ಸಿಟಿಯೊಳಗ ಹಾಲ್ ಅನ್ನೋ ಅಣ್ಣ-ತಮ್ಮಂದ್ರ ಅಂಗಡ್ಯಾಗ, ಮುಂದ ಹಾಲ್‌ಮಾರ್ಕ್ ಅಂತ ಆತಲ್ಲ, ಅದ, ಕಾಣಿಕಿ ಸುತ್ತೋ ತೆಳ್ಳಗಿನ ಕಾಗದ ತೀರಿಹೋತು. ಬ್ಯಾರೆ ಏನೂ ಇಲ್ಲಂತ ಲಕೋಟಿ ಒಳಗ ಹಚ್ಚೋ ಫ್ರಾನ್ಸಿನ ಚಿತ್ರದ ಕಾಗದ ತಂದು ಒಂದಕ್ಕ ಹತ್ತು ಸೆಂಟಿನಂಗ ಇಟ್ರು. ನೋಡ್ ನೋಡೂದ್ರಾಗ ಖಾಲಿ. ಅಲ್ಲಿಂದ ಮುಂದ ಕಾಣಿಕಿಗೆ ಖರ್ಚು ಬ್ಯಾರೆ, ಹರದು ಒಗಿಯೋ ಕಾಗದಕ್ಕ ಖರ್ಚು ಬ್ಯಾರೆ.

ಸ್ಪಗ್ ಜಗ್ಗಿ ದಿನಾ ಬಾಳಲಿಲ್ಲ. 1914ರಾಗ ಯುರೋಪಿನಾಗ ಯುದ್ಧ ಹತ್ತಿತು, ನಡಸೋರ ಲಕ್ಷ ಆ ಕಡೆ ಹೋತು. ಆ್ಯನ್ ಮಾರ್ಗನ್ 1917ರಾಗ ಫ್ರಾನ್ಸಿಗೆ ಹೋಗಿ, ಬ್ಲೆರಾಂಕೂರ್ ಅನ್ನೋ ಹಳ್ಳಿಯೊಳಗ ತಳ ಊರಿ, ಯುದ್ಧದಾಗ ಮನಿ ಮಠ ಕಳಕೊಂಡ ಮಂದಿಗೆ ಬೀಜಾ, ಕೋಳಿ, ಔಷಧ, ಪುಸ್ತಕ ಮುಟ್ಟಸೋ ದೊಡ್ಡ ಕೆಲಸಾ ನಡಸಿದ್ಲು. ಉಪಯೋಗದ ಕಾಣಿಕಿ ಅಂದ್ರ ಏನು ಅನ್ನೂದನ್ನ ಅಲ್ಲೆ ಆಕಿ ಮಾಡೇ ತೋರಿಸಿದ್ಲು ಅನಸ್ತದ ನನಗ. ಎಲೀನರ್ ಬೆಲ್ಮಾಂಟ್ ರೆಡ್ ಕ್ರಾಸಿನಾಗ ದುಡದು, 1935ರಾಗ ನ್ಯೂಯಾರ್ಕಿನ ಆಪೆರಾ ಮುಳಗೋ ಹೊತ್ತಿನಾಗ ಅದರ ಸಲುವಾಗಿ ಮಂದೀನ್ನ ಕೂಡಿಸಿ ಗಿಲ್ಡ್ ಕಟ್ಟಿ ಉಳಿಸಿದ್ಲು.

ಆಮ್ಯಾಲಿಂದು ಲಗೂ ಲಗೂ ಹೇಳಿ ಮುಗಸ್ತೇನಿ. 1939ರಾಗ ಇನ್ನೊಬ್ಬ ರೂಸ್‌ವೆಲ್ಟ್, ಫ್ರಾಂಕ್ಲಿನ್, ಅಧ್ಯಕ್ಷ ಇದ್ದಾಗ ಅಂಗಡಿಯವರು ಹೋಗಿ ಅತಗೊಂಡ್ರು: ಈ ವರ್ಷ ಥ್ಯಾಂಕ್ಸ್‌ಗಿವಿಂಗ್ ನವೆಂಬರ್ 30ಕ್ಕ ಬಂದದ, ಅದು ಮುಗದ ಮ್ಯಾಲೆ ಮಂದಿ ಕ್ರಿಸ್ಮಸ್ ಖರೀದಿಗೆ ಹೊರಡೋದು, ದಿನಾ ಸಾಲಂಗಿಲ್ಲ. ಅಧ್ಯಕ್ಷ ಹಬ್ಬಾನ ಒಂದು ವಾರ ಹಿಂದ ಸರಿಸಿಬಿಟ್ಟಾ! ಅರ್ಧಾ ರಾಜ್ಯದವರು ಒಂದು ದಿನಾ, ಅರ್ಧಾದವರು ಇನ್ನೊಂದು ದಿನಾ ಆಚರಿಸಿದ್ರು. ಕೆಲವು ಕಡೆ ಎರಡೂ ದಿನಾ. ಏಕಾದಶಿ ಯಾವತ್ತು ಅಂತ ನಮ್ಮ ಮನ್ಯಾಗ ಎರಡು ಪಂಚಾಂಗ ಜಗಳಾಡ್ತಾವಲ್ಲ, ಅದು ಪರವಾಗಿಲ್ಲ, ಅಲ್ಲೆ ದೇವರ ಲೆಕ್ಕರೆ ಇರ್ತದ. ಇಲ್ಲೆ ತಿಥಿ ನಿಗದಿ ಮಾಡಿದ್ದು ಗಲ್ಲಾಪೆಟ್ಟಿಗಿ. ಕಡೀಕ 1941ರಾಗ ನಾಕನೇ ಗುರುವಾರ ಅಂತ ಕಾಯ್ದೆ ಮಾಡಿದ್ರು. 1992ರಾಗ ಕೆನಡಾದ ವ್ಯಾಂಕೂವರದಾಗ ಟೆಡ್ ಡೇವ್ ಅನ್ನೋ ಕಲಾವಿದ ‘ಏನೂ ಕೊಳ್ಳದ ದಿನ’ ಸುರು ಮಾಡಿದ. ಈಗ ಅದು ಅಮೇರಿಕಾದಾಗ ಥ್ಯಾಂಕ್ಸ್‌ಗಿವಿಂಗ್ ಮರುದಿನಾನ ಬರತದ, ಅಂಗಡಿ ಮುಂದ ಅತೀ ಉದ್ದ ಪಾಳಿ ಇರೋ ದಿನಾ. 1998ರಾಗ ಬಿಲ್ ಮೆಕಿಬೆನ್ ಅನ್ನೋ ಲೇಖಕ, ಇಡೀ ಮನಿಗೆ ಸೇರಿ ನೂರ ಡಾಲರಿನಾಗ ಕ್ರಿಸ್ಮಸ್ ಮಾಡೋದು ಹೆಂಗ ಅಂತ ಸಣ್ಣ ಪುಸ್ತಕಾನ ಬರದ. ಅವನ ಚರ್ಚಿನ ಮಂದಿ ಜೋಡಿ ಮೊದಲು ಮಾಡಿ ನೋಡಿ, ಆಮ್ಯಾಲೆ ಬರದದ್ದು.

ಕೊಳ್ಳುಬಾಕತನ ಅಂತ ದೊಡ್ಡ ಶಬ್ದ ಬಳಸಿ ಭಾಷಣಾ ಮಾಡೋರು ಜಗ್ಗಿ ಮಂದಿ ಅದಾರ. ಆದ್ರ ಆ ಹುಡುಗ್ಯಾರ ಹೆಸರು ಯಾವ ಪೇಪರಿನಾಗೂ ಬರಲಿಲ್ಲ. ಬಂದದ್ದು ಮಾರ್ಗನ್, ಬೆಲ್ಮಾಂಟ್, ರೂಸ್‌ವೆಲ್ಟ್. ಪಟ್ಟಿ ಹಿಡಕೊಂಡು ಬಂದಾಕಿ ಮುಂದ ಮೊದಲು ಒಲ್ಲೆ ಅಂದ ಹುಡುಗಿ ಯಾವ ಅಂಗಡಿಯಾಕಿನೋ, ಎಷ್ಟನೇ ಮಹಡಿಯಾಕಿನೋ.

ಇನ್ನ ನಮ್ಮ ಮಾತು. ನಮ್ಮ ವೈನಿ, ಇಬ್ಬರು ಮೌಶಿಗೋಳು, ಬಾಜೂ ಮನಿ ಕಾಕು ಮತ್ತ ನಾನು ಕೂತು ಮಾತಾಡೇವಿ. ಈ ದೀಪಾವಳಿಗೆ ನಮ್ಮ ಐದು ಮನಿ ನಡಕ ಖಣ ಕೊಡೂದು ತೊಗೊಳ್ಳೂದು ಇಲ್ಲ. ಅರಿಷಿಣ ಕುಂಕುಮಕ್ಕ ಬರ್ರಿ, ಒಂದೆರಡು ಬಾಳಿಹಣ್ಣು, ವಿಳ್ಯೇದೆಲಿ, ಫರಾಳ ತಿಂದು ಹೋಗ್ರಿ. ತಿಜೋರ್ಯಾ‌ಗ ಬಿದ್ದ ಖಣಾ ಎಲ್ಲಾ ಒಂದ ಕಡೆ ಕೂಡಿಸಿ, ಕೌದಿ ಹೊಲಿಯೋ ಅಜ್ಜಿಗೆ ಕೊಟ್ಟು, ಆಕಿ ಕೇಳಿದಷ್ಟು ಮಜೂರಿ ಕೊಟ್ಟು ಹೊಲಸೋದು ಅಂತ ಆಗೇದ. ನಮ್ಮ ಮನ್ಯಾಗ ಎಣಿಸಿದ್ರ 43 ಹೊರಗ ಬಂದ್ವು, ವೈನಿ ಕಡೆ ಅದಕ್ಕಿಂತಾ ಜಾಸ್ತಿ. ಹತ್ತಿದ್ದು ಬ್ಯಾರೆ, ಟೆರಿಕಾಟಿದ್ದು ಬ್ಯಾರೆ ಮಾಡಿ ಇಡ್ರಿ ಅಂತ ಅಜ್ಜಿ ಹೇಳ್ಯಾಳ. ನಿಮ್ಮಲ್ಲೆ ಎಷ್ಟವ, ಸೇರಸೋದಿದ್ರ ದಸರಾದೊಳಗ ತಿಳಸ್ರಿ.